ದಂಡು ಪ್ರದೇಶದ ಎಳೆಯರ ಹುಸಿಕಾಳಗ: ಆಯುಧದ ಆಟವನ್ನು ಕುರಿತ ಒಂದು ಸಮೀಕ್ಷೆ

ಮೂರರಿಂದ ಏಳು ವರ್ಷದೊಳಗಿನ ಮಕ್ಕಳು, ಅವರಲ್ಲೂ ಹೆಚ್ಚಾಗಿ ಗಂಡುಮಕ್ಕಳು, ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತಿಯೋ ಬಂದೂಕೋ ಮಾಡಿಕೊಂಡು ಒಬ್ಬರ ಮೇಲೊಬ್ಬರು ಏರಿಹೋಗುವ ಆಟ ಯಾವ ಊರಿಗೂ ಹೊಸದಲ್ಲ. ಆದರೆ ಅದನ್ನು ಕಂಡ ಹಿರಿಯರಲ್ಲಿ ಏಳುವ ಆತಂಕ ಕಳೆದ ಐದಾರು ದಶಕಗಳಲ್ಲಿ ಬಲಿತು, ಶಿಶುವಿಹಾರಗಳ ನಿಯಮಾವಳಿಗಳಲ್ಲಿ, ಆಟಿಕೆ ಅಂಗಡಿಯ ಮುಂದಿನ ತಾಯಿ ಮಕ್ಕಳ ಹಟದಲ್ಲಿ, ಮಕ್ಕಳ ವೈದ್ಯರ ಮುಂದೆ ಬರುವ ಪ್ರಶ್ನೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಈ ಆಟ ಮಗುವನ್ನು ಕ್ರೂರಿಯಾಗಿಸುತ್ತದೆಯೇ, ಇಲ್ಲವೇ ಒಳಗಿರುವ ಕ್ರೌರ್ಯವನ್ನು ಹೊರಹಾಕಿ ಹಗುರಗೊಳಿಸುತ್ತದೆಯೇ ಎಂಬ ಎರಡು ತುದಿಗಳ ನಡುವೆ ಚರ್ಚೆ ತೂಗಾಡುತ್ತ ಬಂದಿದೆ. ಲಭ್ಯವಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡೂ ನಿಲುವುಗಳು ಮಗುವಿನ ಕೈಯಲ್ಲಿರುವ ವಸ್ತುವಿನ ಮೇಲೆ ಅತಿಯಾದ ಗಮನವಿಟ್ಟು, ಆಡುವವರ ನಡುವಿನ ಸಂಬಂಧವನ್ನೂ ಆಟದ ಹೊರಗೆ ಆ ಮಗು ಕಾಣುವ ನಿಜವಾದ ಹೊಡೆತವನ್ನೂ ಕಡೆಗಣಿಸಿವೆ ಎಂಬುದು ತಿಳಿಯುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಬೆಂಗಳೂರಿನ ದಂಡು ಪ್ರದೇಶವೂ ಅದರ ಪೂರ್ವಕ್ಕೆ ಹಬ್ಬಿಕೊಂಡ ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳೂ ತಕ್ಕ ನೆಲವಾಗಿವೆ, ಏಕೆಂದರೆ ಇಲ್ಲಿ ಆಯುಧವು ಕಥೆಯಲ್ಲಷ್ಟೇ ಉಳಿದಿರದೆ ಬೀದಿಯ ನೋಟದ ಒಂದು ಭಾಗವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಜ್ವರದ ಹಾವಳಿಗೆ ಬೇಸತ್ತ ಬ್ರಿಟಿಷ್ ಸೇನೆ ಬೆಂಗಳೂರಿನತ್ತ ತಿರುಗಿ, 1809ರಲ್ಲಿ ಹಲಸೂರಿನ ಪಕ್ಕದ ಬಯಲಿನಲ್ಲಿ ದಂಡನ್ನು ನೆಲೆಗೊಳಿಸಿತು. ಆ ದಂಡಿಗೆ ಬೇಕಾದ ದಿನಸಿ, ಬಟ್ಟೆ, ಚರ್ಮದ ಸಾಮಾನುಗಳನ್ನು ಒದಗಿಸುತ್ತ ಇಂದಿನ ಶಿವಾಜಿನಗರದ ಪೇಟೆಗಳು ಬೆಳೆದವು. 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಇಂಜಿನಿಯರುಗಳ ಪಡೆಯ ಕೇಂದ್ರ ಇಂದಿಗೂ ಹಲಸೂರು ಕೆರೆಯ ಮಗ್ಗುಲಲ್ಲಿದೆ. ಕಬ್ಬನ್ ರಸ್ತೆಯ ಮಾಣೆಕ್ ಷಾ ಪೆರೇಡ್ ಮೈದಾನದಲ್ಲಿ ಪ್ರತಿ ಜನವರಿ 26ರಂದು ರಾಜ್ಯಪಾಲರು ಗೌರವವಂದನೆ ಸ್ವೀಕರಿಸುವಾಗ ತಂದೆಯ ಹೆಗಲೇರಿ ಕುಳಿತ ಮಕ್ಕಳು ಸಾಲು ಬಂದೂಕುಗಳನ್ನು ಕಣ್ತುಂಬ ನೋಡುತ್ತಾರೆ. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ವಸ್ತುಸಂಗ್ರಹಾಲಯದಲ್ಲಿ, ಮಾರುತ್ ಯುದ್ಧವಿಮಾನದಂಥ ನಿಜವಾದ ಯಂತ್ರಗಳ ನೆರಳಿನಲ್ಲೇ ಶಾಲಾ ಪ್ರವಾಸದ ಮಕ್ಕಳು ಬುತ್ತಿ ಬಿಚ್ಚುತ್ತಾರೆ.

ಸೇನೆಯೊಂದೇ ಇದಕ್ಕೆ ಕಾರಣವೆಂದರೆ ತಪ್ಪಾದೀತು. ನಗರದ ಆಗ್ನೇಯದಲ್ಲಿರುವ ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರು ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿಕೊಳ್ಳುವುದೇ ಒಂದು ಕಾಳಗದ ಹೆಸರಾಗಿ, ಆ ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲೆ. ಅದೇ ಬೇಗೂರಿನಿಂದ ತಂದು ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ವೀರಗಲ್ಲಿನಲ್ಲಿ ಆನೆ, ಕುದುರೆ, ಬಿಲ್ಲು, ಕತ್ತಿಗಳ ದಟ್ಟ ಹೋರಾಟವನ್ನು ಶಿಲ್ಪಿ ಎಷ್ಟು ಮನಸ್ಸಿಟ್ಟು ಕೆತ್ತಿದ್ದಾನೆಂದರೆ, ಚಿಕ್ಕ ಮಕ್ಕಳು ಉಳಿದ ದೇವರ ವಿಗ್ರಹಗಳನ್ನು ದಾಟಿ ಅದರ ಮುಂದೆ ನಿಲ್ಲುವುದು ಸಹಜವೇ ಆಗಿದೆ. ನವರಾತ್ರಿಯ ಬೊಂಬೆ ಮೆಟ್ಟಿಲುಗಳಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಸಿಪಾಯಿಗಳ ಸಾಲು ನಿಲ್ಲಿಸುವವಳು ಅಜ್ಜಿ. ಆಯುಧಪೂಜೆಯ ದಿನ ಪಡೆಗಳಲ್ಲಿ ಬಂದೂಕಿಗೂ ಶಿವಾಜಿನಗರದ ಗ್ಯಾರೇಜುಗಳಲ್ಲಿ ಸ್ಪ್ಯಾನರಿಗೂ ಕುಂಕುಮ ಇಡುವವರು ದೊಡ್ಡವರು. ಹಲಸೂರು ಸೋಮೇಶ್ವರನ ತೇರಿನಲ್ಲಿ ಪ್ಲಾಸ್ಟಿಕ್ ಗದೆ, ಬಿಲ್ಲುಗಳನ್ನು ಕೊಡಿಸುವವರೂ ಅವರೇ. ಹಿರಿಯರು ಇಷ್ಟು ಭಕ್ತಿಯಿಂದ, ಇಷ್ಟು ಸಂಭ್ರಮದಿಂದ ಮುಂದಿಟ್ಟದ್ದನ್ನು ಮಗು ಆಟಕ್ಕೆ ಎಳೆದುಕೊಂಡಾಗ ಅದನ್ನು ಮಗುವಿನ ಮನಸ್ಸಿನ ದೋಷವೆಂದು ಎಣಿಸುವುದು ನ್ಯಾಯವಲ್ಲ.

ಆಟವನ್ನು ಹತ್ತಿರದಿಂದ ನೋಡಿದಾಗ ಮೊದಲು ಗಮನಕ್ಕೆ ಬರುವುದು ಆಯುಧದ ಅಗ್ಗತನ. ಅಡುಗೆಮನೆಯ ಲಟ್ಟಣಿಗೆ, ಶಾಲೆಯ ಸ್ಕೇಲು, ಮಡಚಿದ ಕೊಡೆ, ಅಂಚು ಕಚ್ಚಿ ಕಚ್ಚಿ ಪಿಸ್ತೂಲಿನ ಆಕಾರಕ್ಕೆ ತಂದ ಚಪಾತಿಯ ಚೂರು, ಏನೂ ಸಿಗದಿದ್ದರೆ ಹೆಬ್ಬೆರಳು ಮೇಲೆತ್ತಿ ತೋರುಬೆರಳು ಚಾಚಿದ ಬರಿಗೈ, ಇವೆಲ್ಲವೂ ನಾಲ್ಕು ವರ್ಷದ ಮಗುವಿಗೆ ಬಂದೂಕಾಗಲು ಸಾಕು. ಬಾಯಿಂದ ಹೊರಡುವ ‘ಢಿಶುಂ’ ಸದ್ದೇ ಅದರ ಗುಂಡು. ಇದಿರಾಳಿ ತಾಗಲಿಲ್ಲವೆಂದು ವಾದಿಸುತ್ತಾನೆ, ಹೊಡೆದವನು ತಾಗಿತೆಂದು ಸಾಧಿಸುತ್ತಾನೆ, ಹತ್ತು ಎಣಿಸುವವರೆಗೆ ಸತ್ತು ಬಿದ್ದಿದ್ದು ಆಮೇಲೆ ಏಳಬಹುದೆಂಬ ಒಪ್ಪಂದಕ್ಕೆ ಇಬ್ಬರೂ ಬರುತ್ತಾರೆ, ಚಡ್ಡಿ ಸಡಿಲವಾದವನು ‘ಟೈಂ ಪ್ಲೀಸ್’ ಎಂದು ಕೈಯೆತ್ತಿದರೆ ಯುದ್ಧ ತಕ್ಷಣ ನಿಲ್ಲುತ್ತದೆ, ತೊದಲು ನುಡಿಯುವ ತಮ್ಮನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಕರಾರಿನ ಮೇಲೆ ಸೈನ್ಯಕ್ಕೆ ಸೇರಿಸಿಕೊಳ್ಳಲಾಗುತ್ತದೆ. ಹೊಡೆದಾಟಕ್ಕಿಂತ ಹೆಚ್ಚು ಹೊತ್ತು ಕೋಟೆ ಕಟ್ಟುವುದರಲ್ಲಿ, ಪಾತ್ರ ಹಂಚುವುದರಲ್ಲಿ, ನಿಯಮ ತಿದ್ದುವುದರಲ್ಲಿ ಕಳೆಯುತ್ತದೆ. ಹಲಸೂರಿನ ಸ್ಯಾಪರ್ ಸೈನಿಕನ ನಿಜವಾದ ಕಸುಬಿನಲ್ಲೂ ಗುದ್ದಲಿ, ಸೇತುವೆ, ಕಂದಕಗಳ ಪಾಲು ಬಂದೂಕಿನ ಪಾಲಿಗಿಂತ ಕಡಿಮೆಯಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಮಕ್ಕಳ ಮನೋವಿಜ್ಞಾನದಲ್ಲಿ ಒಂದು ವಸ್ತುವನ್ನು ಇನ್ನೊಂದೆಂದು ಭಾವಿಸಿ ಆಡುವುದನ್ನು ಸೋಗಿನ ಆಟವೆನ್ನಬಹುದು. ಅದು ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಮೊಳೆತು, ಮೂರರಿಂದ ಆರರ ನಡುವೆ ಹುಲುಸಾಗಿ ಬೆಳೆಯುತ್ತದೆ. ರಷ್ಯದ ಚಿಂತಕ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ, ಕೋಲನ್ನು ಕುದುರೆಯಾಗಿಸಿಕೊಳ್ಳುವ ಮಗು ಮೊದಲ ಬಾರಿಗೆ ಅರ್ಥವನ್ನು ವಸ್ತುವಿನಿಂದ ಬಿಡಿಸಿಕೊಳ್ಳುತ್ತದೆಂದೂ, ಆಟದ ನಿಯಮಕ್ಕಾಗಿ ತನ್ನ ಕ್ಷಣದ ಬಯಕೆಯನ್ನು ತಡೆಹಿಡಿಯಲು ಕಲಿಯುತ್ತದೆಂದೂ ವಾದಿಸಿದನು. ಆ ಪರಂಪರೆಯ ಮನುಯ್ಲೆಂಕೊ 1948ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸಮೀಕ್ಷೆಗೆ ವಿಶೇಷವಾಗಿ ಹೊಂದುತ್ತದೆ: ಅಲುಗಾಡದೆ ನಿಲ್ಲು ಎಂದು ಬರಿದೆ ಹೇಳಿದಾಗ ಬೇಗ ಚಡಪಡಿಸುತ್ತಿದ್ದ ಚಿಕ್ಕ ಮಕ್ಕಳು, ಕಾವಲು ಸಿಪಾಯಿಯ ಪಾತ್ರ ಕೊಟ್ಟಾಗ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಕದಲದೆ ನಿಂತರು. ಸೇನಾ ಕೇಂದ್ರದ ಹೆಬ್ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಹೋಗಿ ಮನೆಯಲ್ಲಿ ಕೋಲು ಹಿಡಿದು ನಿಲ್ಲುವ ಮಗು ತನ್ನ ಮೈಯನ್ನು ತಾನೇ ಆಳುವ ಅಭ್ಯಾಸದಲ್ಲಿ ತೊಡಗಿರುತ್ತದೆ. ಗೆಳೆಯನ ಗುಂಡಿಗೆ ಸತ್ತು, ಎದ್ದೋಡುವ ಆಸೆಯನ್ನು ನುಂಗಿ, ಕಣ್ಣುಮುಚ್ಚಿ ನೆಲದ ಮೇಲೆ ಮಲಗಿರುವ ಮಗುವಿನದೂ ಅಂಥದೇ ಸಾಧನೆ.

ಸಾವಿನ ಮಾತು ಹಿರಿಯರನ್ನು ಹೆಚ್ಚು ಕಳವಳಗೊಳಿಸುತ್ತದೆ. ‘ಕೊಂದುಬಿಡ್ತೀನಿ’ ಎಂಬ ಮಾತು ಐದು ವರ್ಷದ ಬಾಯಲ್ಲಿ ಕೇಳಿಬಂದಾಗ ದೊಡ್ಡವರ ಕಿವಿಗೆ ಅದು ದೊಡ್ಡವರ ಅರ್ಥದಲ್ಲೇ ತಾಗುತ್ತದೆ. ಹಂಗೇರಿಯ ಮಕ್ಕಳನ್ನು ಅಧ್ಯಯನ ಮಾಡಿ ಮಾರಿಯಾ ನಾಜ್ 1948ರಲ್ಲಿ ತೋರಿಸಿದಂತೆ, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಸಾವು ನಿದ್ದೆಯಂಥ, ಪ್ರಯಾಣದಂಥ, ಮರಳಿ ಬರಬಹುದಾದ ಒಂದು ಸ್ಥಿತಿ. ಅದು ಮರಳಲಾಗದ್ದೆಂಬ ತಿಳಿವಳಿಕೆ ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಹತ್ತು ಎಣಿಸಿ ಏಳುವ ಆಟದ ಸಾವು ಆ ವಯಸ್ಸಿನ ತಿಳಿವಳಿಕೆಗೆ ಸರಿಯಾಗಿ ಹೊಂದುತ್ತದೆ.

ಸೋಗಿನ ಆಟದ ಜೊತೆಗೆ ಬೆರೆತು ಬರುವ ಇನ್ನೊಂದು ಬಗೆ ಮೈಗೆ ಮೈ ತಾಗುವ ಗುದ್ದಾಟ, ಹೊರಳಾಟ, ಬೆನ್ನಟ್ಟುವಿಕೆ. 1896ರಲ್ಲಿ ಜರ್ಮನಿಯ ಕಾರ್ಲ್ ಗ್ರೋಸ್ ಪ್ರಾಣಿಗಳ ಆಟವನ್ನು ಕುರಿತು ಬರೆದ ಗ್ರಂಥದಲ್ಲಿ ನಾಯಿಮರಿ, ಬೆಕ್ಕಿನಮರಿಗಳ ಇಂಥ ಆಟವನ್ನು ಮುಂದಿನ ಬದುಕಿನ ಅಭ್ಯಾಸವೆಂದು ವಿವರಿಸಿದನು. ಗ್ರೆಗರಿ ಬೇಟ್ಸನ್ ಸ್ಯಾನ್‌ಫ್ರಾನ್ಸಿಸ್ಕೊ ಮೃಗಾಲಯದಲ್ಲಿ ಮಂಗಗಳು ಕಚ್ಚಿದಂತೆ ನಟಿಸಿ ಕಚ್ಚದಿರುವುದನ್ನು ಕಂಡು, ‘ಇದು ಆಟ’ ಎಂಬ ಸೂಚನೆಯನ್ನು ಅವು ಒಂದಕ್ಕೊಂದು ಕೊಡಬಲ್ಲವು ಎಂಬ ಮಹತ್ವದ ತೀರ್ಮಾನಕ್ಕೆ ಬಂದು 1955ರ ಪ್ರಬಂಧದಲ್ಲಿ ಅದನ್ನು ಮಂಡಿಸಿದನು. ಲಂಡನ್ನಿನ ಶಿಶುಶಾಲೆಯ ಮಕ್ಕಳನ್ನು ನೋಡಿ 1967ರಲ್ಲಿ ಬರೆದ ನಿಕೊಲಸ್ ಬ್ಲರ್ಟನ್ ಜೋನ್ಸ್ ನಿಜವಾದ ಜಗಳಕ್ಕೂ ಆಟದ ಗುದ್ದಾಟಕ್ಕೂ ಇರುವ ವ್ಯತ್ಯಾಸಗಳನ್ನು ಗುರುತಿಸಿದನು. ಮುಂದೆ ಪೀಟರ್ ಸ್ಮಿತ್, ಆಂತೊನಿ ಪೆಲಿಗ್ರಿನಿ ಮೊದಲಾದವರು ಅದನ್ನು ವಿಸ್ತರಿಸಿದರು. ನಿಜವಾದ ಜಗಳದಲ್ಲಿ ಮುಖ ಬಿಗಿದಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ, ಯಾವುದೋ ಒಂದು ವಸ್ತು ಅಥವಾ ಜಾಗ ವಿವಾದದಲ್ಲಿರುತ್ತದೆ, ಜಗಳ ಮುಗಿದ ಮೇಲೆ ಇಬ್ಬರೂ ದೂರ ಸರಿಯುತ್ತಾರೆ. ಆಟದಲ್ಲಿ ಬಾಯಿ ತೆರೆದು ನಗುತ್ತಿರುತ್ತದೆ, ಕೈ ಬಡಿದರೂ ಬಲ ಬಿದ್ದಿರುವುದಿಲ್ಲ, ಬೆನ್ನಟ್ಟಿದವನು ಮರುಕ್ಷಣ ಓಡುವವನಾಗುತ್ತಾನೆ, ಬಲಿಷ್ಠನು ಬೇಕೆಂದೇ ಕೆಳಗೆ ಬೀಳುತ್ತಾನೆ, ಮುಗಿದ ಮೇಲೂ ಇಬ್ಬರೂ ಕೂಡಿಯೇ ಇರುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಇಂಥ ಆಟ ನಿಜವಾದ ಜಗಳಕ್ಕೆ ತಿರುಗುವುದು ನೂರಕ್ಕೆ ಒಂದರ ಆಸುಪಾಸಿನಲ್ಲಿ ಮಾತ್ರ ಎಂದು ಈ ಅಧ್ಯಯನಗಳು ಕಂಡುಕೊಂಡಿವೆ. ಶಿಕ್ಷಕರ ಅಂದಾಜು ಅದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ.

ಆ ನಗುಮುಖದ ಸೂಚನೆಗೆ ಭಾಷೆ ಬೇಕಿಲ್ಲವೆಂಬುದು ಬೆಂಗಳೂರಿನ ಪೂರ್ವಭಾಗದಲ್ಲಿ ಸಣ್ಣ ಸಂಗತಿಯಲ್ಲ. ಮನೆಯಲ್ಲಿ ತಮಿಳು, ದಖ್ಖನಿ ಉರ್ದು, ತೆಲುಗು, ಕನ್ನಡ ಆಡುವ ಹಳೆಯ ನಿವಾಸಿಗಳ ಮಕ್ಕಳೂ ಕಟ್ಟಡ ಕೆಲಸಕ್ಕೆಂದು ಉತ್ತರದಿಂದಲೂ ಪೂರ್ವದಿಂದಲೂ ಬಂದು ಕೆ.ಆರ್. ಪುರದ ಸುತ್ತ ನೆಲೆಸಿದವರ ಮಕ್ಕಳೂ ಒಂದೇ ಓಣಿಯಲ್ಲಿ ಸೇರಿದಾಗ, ಕಥೆ ಕಟ್ಟುವ ಆಟಕ್ಕೆ ಮಾತು ಸಾಲದಿದ್ದರೂ ಬೆನ್ನಟ್ಟುವ, ಗುರಿಯಿಡುವ, ಸತ್ತು ಬೀಳುವ ಆಟ ಕೂಡಲೇ ಆರಂಭವಾಗುತ್ತದೆ. ಹೊಸದಾಗಿ ಬಂದ ಮಗು ಓಣಿಯ ಗುಂಪಿಗೆ ಸೇರುವ ಮೊದಲ ಬಾಗಿಲು ಅನೇಕ ಸಲ ಇದೇ ಆಗಿರುತ್ತದೆ. ಆಟವನ್ನು ನಿಷೇಧಿಸುವವರು ಆ ಬಾಗಿಲನ್ನೂ ಮುಚ್ಚುತ್ತಾರೆ.

ಆದರೆ ನಗು ಒಂದೇ ಕಡೆ ಉಳಿದಾಗ ಏನಾಗುತ್ತದೆಂಬುದಕ್ಕೆ ಮಹಾಭಾರತದ ಆದಿಪರ್ವಕ್ಕಿಂತ ಒಳ್ಳೆಯ ನಿದರ್ಶನ ದೊರಕುವುದು ಕಷ್ಟ. ಕನ್ನಡದ ಕೇಳುಗರಿಗೆ ಚಿರಪರಿಚಿತವಾದ ಆ ಕಥೆಯಲ್ಲಿ ಬಾಲಕ ಭೀಮನು ಕೌರವ ಕುಮಾರರನ್ನು ನೀರಿನಲ್ಲಿ ಮುಳುಗಿಸುತ್ತಾನೆ, ಕೂದಲು ಹಿಡಿದು ಎಳೆಯುತ್ತಾನೆ, ಹಣ್ಣಿಗೆಂದು ಮರ ಹತ್ತಿದವರನ್ನು ಮರವನ್ನೇ ಒದ್ದು ಉದುರಿಸುತ್ತಾನೆ. ಇದನ್ನೆಲ್ಲ ಅವನು ದ್ವೇಷದಿಂದ ಮಾಡದೆ ಹುಡುಗುತನದಿಂದ ಮಾಡಿದನೆಂದು ಮೂಲ ಕಾವ್ಯವೇ ಹೇಳುತ್ತದೆ. ಭೀಮನಿಗೆ ಅದು ಆಟವಾಗಿತ್ತು, ಬಿದ್ದವರಿಗೆ ಆಗಿರಲಿಲ್ಲ. ಅವನು ಒಮ್ಮೆಯೂ ಬೇಕೆಂದು ಸೋಲಲಿಲ್ಲ, ಪಾತ್ರಗಳು ಒಮ್ಮೆಯೂ ಅದಲುಬದಲಾಗಲಿಲ್ಲ, ಹತ್ತಿರದಲ್ಲಿದ್ದ ಹಿರಿಯರು ಯಾರೂ ಅದನ್ನು ಗಮನಿಸಿ ತಡೆಯಲಿಲ್ಲ. ಮುಂದಿನದು ದುರ್ಯೋಧನನು ವಿಷವಿಕ್ಕುವ ಪ್ರಸಂಗ. ಆಟದ ಸಂಶೋಧಕರು ಇಪ್ಪತ್ತನೆಯ ಶತಮಾನದಲ್ಲಿ ಬಿಡಿಸಿ ಹೇಳಿದ ಲಕ್ಷಣಗಳೆಲ್ಲ ಈ ಪ್ರಸಂಗದಲ್ಲಿ ತಿರುವುಮುರುವಾಗಿ ಸಿಗುತ್ತವೆ. ಇಲ್ಲಿ ಯಾರ ಕೈಯಲ್ಲೂ ಆಯುಧವಿಲ್ಲವೆಂಬುದನ್ನೂ ಗಮನಿಸಬೇಕು.

ಹಾನಿಯ ಪಕ್ಷದ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆಲ್ಬರ್ಟ್ ಬಂಡೂರ 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯ 72 ಮಕ್ಕಳೊಡನೆ ನಡೆಸಿದ ಪ್ರಯೋಗದಲ್ಲಿ, ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಹಿರಿಯರು ಬಡಿಯುವುದನ್ನು ಕಂಡ ಮಕ್ಕಳು ಅದನ್ನೇ ಅನುಕರಿಸಿದರು. ಹೊಡೆಯುವುದು ನೋಡಿ ಕಲಿಯಬಹುದಾದದ್ದೆಂದು ಇದರಿಂದ ಖಚಿತವಾಯಿತಾದರೂ, ಹೊಡೆಸಿಕೊಳ್ಳಲೆಂದೇ ತಯಾರಾದ ಗೊಂಬೆಯನ್ನು ಹೊಡೆಯುವುದಕ್ಕೂ ಜೀವಂತ ಗೆಳೆಯನನ್ನು ನೋಯಿಸುವುದಕ್ಕೂ ಇರುವ ಅಂತರವನ್ನು ಟೀಕಾಕಾರರು ಎತ್ತಿ ತೋರಿಸಿದ್ದಾರೆ. 1976ರಲ್ಲಿ ಟರ್ನರ್ ಮತ್ತು ಗೋಲ್ಡ್‌ಸ್ಮಿತ್, ಆಟಿಕೆಯ ಬಂದೂಕು ಕೊಟ್ಟ ದಿನಗಳಲ್ಲಿ ಶಿಶುಶಾಲೆಯಲ್ಲಿ ತಂಟೆ ಹೆಚ್ಚಾಯಿತೆಂದು ವರದಿ ಮಾಡಿದರು. 1992ರಲ್ಲಿ ವಾಟ್ಸನ್ ಮತ್ತು ಪೆಂಗ್ ನಡೆಸಿದ ಚಿಕ್ಕ ಅಧ್ಯಯನದಲ್ಲಿ ಪಿಸ್ತೂಲಿನ ಆಟ ಹೆಚ್ಚಾಗಿದ್ದ ಮಕ್ಕಳಲ್ಲಿ ನಿಜವಾದ ಆಕ್ರಮಣವೂ ಹೆಚ್ಚಾಗಿತ್ತು. ಆದರೆ ತಂದೆತಾಯಿ ಶಿಕ್ಷಿಸುವ ಪ್ರಮಾಣಕ್ಕೂ ಮಗುವಿನ ನಿಜವಾದ ಆಕ್ರಮಣಕ್ಕೂ ಅಂಥದೇ ನಂಟು ಕಂಡುಬಂದಿತು. ಇಂಥ ಅಧ್ಯಯನಗಳಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬೇರ್ಪಡಿಸುವುದು ಸುಲಭವಲ್ಲ, ಏಕೆಂದರೆ ಜಗಳಗಂಟ ಮಗುವೇ ಪಿಸ್ತೂಲನ್ನು ಹುಡುಕಿ ಹೋಗಿರಲೂಬಹುದು.

ಹೆಚ್ಚು ತೂಕವುಳ್ಳ ಎಚ್ಚರಿಕೆ ಬಂದದ್ದು ಜೂಡಿ ಡನ್ ಮತ್ತು ಕ್ಲೇರ್ ಹ್ಯೂಸ್ 2001ರಲ್ಲಿ ಪ್ರಕಟಿಸಿದ ಲಂಡನ್ ಅಧ್ಯಯನದಿಂದ. ಹಿಡಿತಕ್ಕೆ ಸಿಗದ 40 ಮಕ್ಕಳನ್ನೂ ಸಾಮಾನ್ಯರಾದ 40 ಮಕ್ಕಳನ್ನೂ ಗೆಳೆಯರೊಡನೆ ಆಡಲು ಬಿಟ್ಟು ಗಮನಿಸಿದ ಅವರಿಗೆ, ಕೊಲ್ಲುವ, ಕತ್ತರಿಸುವ ಕಲ್ಪನೆಯಲ್ಲೇ ಮತ್ತೆ ಮತ್ತೆ ಮುಳುಗಿದ ಮಕ್ಕಳು ತಮ್ಮ ನಡವಳಿಕೆಯನ್ನು ಯೋಜಿಸಿ ತಡೆದುಕೊಳ್ಳುವ ಶಕ್ತಿಯಲ್ಲಿಯೂ ಎರಡು ವರ್ಷಗಳ ಅನಂತರ ಇತರರ ನೋವಿನ ಬಗ್ಗೆ ತೋರುವ ಸಂವೇದನೆಯಲ್ಲಿಯೂ ಹಿಂದುಳಿದಿರುವುದು ಕಂಡಿತು. ಇದಕ್ಕೆ ಎದುರಾಗಿ 2013ರಲ್ಲಿ ಫೆಹ್ರ್ ಮತ್ತು ರಸ್ ಸೋಗಿನ ಆಟದಲ್ಲಿ ಆಕ್ರಮಣದ ವಸ್ತು ಹೆಚ್ಚಾಗಿದ್ದ ಮಕ್ಕಳು ತರಗತಿಯಲ್ಲಿ ಕಡಿಮೆ ಆಕ್ರಮಣಶೀಲರಾಗಿದ್ದರೆಂದು ಕಂಡುಕೊಂಡರು. ಎರಡನ್ನೂ ಕೂಡಿಸಿ ಓದಿದಾಗ ಸಿಗುವ ತಿಳಿವಳಿಕೆ ಸಾಕಷ್ಟು ಸ್ಪಷ್ಟವಾಗಿದೆ: ಆಯುಧ ಹಲವು ಕಥೆಗಳ ನಡುವೆ ಬಂದುಹೋಗುವ ಮಗುವಿನ ಬಗ್ಗೆ ಚಿಂತೆ ಅನಗತ್ಯ, ಒಂದೇ ಕೊಲೆಯ ದೃಶ್ಯವನ್ನು ಬದಲಾವಣೆಯಿಲ್ಲದೆ, ನಗುವಿಲ್ಲದೆ, ಜೊತೆಗಾರನ ಅಳುವಿಗೂ ನಿಲ್ಲದೆ ದಿನದಿನವೂ ಆಡುವ ಮಗುವಿಗೆ ಹಿರಿಯರ ಸಹಾಯ ಬೇಕಾಗಿದೆ. ಯುದ್ಧವನ್ನೋ ಮನೆಯೊಳಗಿನ ಹಿಂಸೆಯನ್ನೋ ಕಣ್ಣಾರೆ ಕಂಡ ಮಕ್ಕಳು ಆಟದಲ್ಲಿ ಅದನ್ನೇ ಮರುಕಳಿಸುತ್ತಾರೆಂಬುದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಶಿಶುಗೃಹಗಳಲ್ಲಿ ಅನ್ನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ದಾಖಲಿಸಿದ್ದರು. ಅಂಥ ಆಟವನ್ನು ನಿಲ್ಲಿಸಿದರೆ ಅದು ಹೇಳುತ್ತಿರುವ ಸುದ್ದಿ ಕೇಳಿಸದೆ ಹೋಗುತ್ತದೆ.

ನಿಷೇಧದ ಪ್ರಯೋಗಗಳೂ ನಡೆದಿವೆ. ಸ್ವೀಡನ್ನಿನ ಆಟಿಕೆ ವ್ಯಾಪಾರಿಗಳು 1979ರಲ್ಲಿ ಆಧುನಿಕ ಯುದ್ಧದ ಆಟಿಕೆಗಳನ್ನು ಮಾರದಿರಲು ತಾವಾಗಿಯೇ ಒಪ್ಪಿಕೊಂಡರು. ಇಂಗ್ಲೆಂಡಿನ ಶಿಶುಶಾಲೆಗಳಲ್ಲಿ ಆಯುಧದ ಆಟಕ್ಕೆ ದಶಕಗಳ ಕಾಲ ಕಟ್ಟುನಿಟ್ಟಾದ ತಡೆಯಿತ್ತು. ಅಲ್ಲಿ ಶಿಕ್ಷಕಿಯಾಗಿದ್ದ ಪೆನ್ನಿ ಹಾಲೆಂಡ್ 2003ರಲ್ಲಿ ಪ್ರಕಟಿಸಿದ ಪುಸ್ತಕದ ವಾದವೆಂದರೆ, ಆ ತಡೆಯಿಂದ ಆಟ ನಿಲ್ಲಲಿಲ್ಲ. ಹುಡುಗರು ಬಂದೂಕನ್ನು ನೀರು ಹಾಕುವ ಪೈಪೆಂದು ಸುಳ್ಳು ಹೇಳಲು ಕಲಿತರು, ದಿನವಿಡೀ ಬೈಗುಳ ಕೇಳುವವರು ಅದೇ ನಾಲ್ಕಾರು ಮಕ್ಕಳಾದರು. ತಡೆಯನ್ನು ಸಡಿಲಿಸಿ ಶಿಕ್ಷಕಿಯರು ಆಟದೊಳಗೆ ಪಾಲ್ಗೊಂಡ ಮೇಲೆ ಕಥೆಗಳು ಬೆಳೆದವು, ವೇಷ, ಚಿತ್ರ, ಕಟ್ಟಡಗಳ ಕಡೆಗೆ ಆಟ ಹರಿಯಿತು. 2007ರಲ್ಲಿ ಬ್ರಿಟಿಷ್ ಸರ್ಕಾರದ ಮಾರ್ಗದರ್ಶಿಯೂ ಇದೇ ದಿಕ್ಕಿನಲ್ಲಿ ಸಲಹೆ ನೀಡಿತು. ಷಿಕಾಗೊ ನಗರದ ಶಿಕ್ಷಕಿ ವಿವಿಯನ್ ಪೇಲಿ 1984ರ ಪುಸ್ತಕದಲ್ಲಿ ಹುಡುಗರ ಹೋರಾಟದ ಆಟವನ್ನು ಹುಡುಗಿಯರ ಗೊಂಬೆ ಮೂಲೆಯಷ್ಟೇ ಗೌರವದಿಂದ ನೋಡಲು ತಾನು ಹೇಗೆ ಕಲಿತೆನೆಂಬುದನ್ನು ಬರೆದಿದ್ದಾಳೆ. ಹುಡುಗಿಯರೂ ಈ ಆಟದ ಹೊರಗಿನವರಲ್ಲ; ಅವರು ಕತ್ತಿ ಹಿಡಿದಾಗ ಮನೆಯವರ ತಡೆ ಬೇಗ ಬರುತ್ತದೆ, ಕಿತ್ತೂರು ಚೆನ್ನಮ್ಮನ ವೇಷ ಕಟ್ಟುವ ಶಾಲಾ ವಾರ್ಷಿಕೋತ್ಸವದ ದಿನ ಮಾತ್ರ ಅದಕ್ಕೆ ರಿಯಾಯಿತಿ ಸಿಗುತ್ತದೆ.

ಇಲ್ಲಿ ನ್ಯಾನ್ಸಿ ಕಾರ್ಲ್‌ಸನ್ ಪೇಜ್ ಮತ್ತು ಡಯೇನ್ ಲೆವಿನ್ 1987ರಲ್ಲಿ ಎತ್ತಿದ ಬೇರೊಂದು ಆಕ್ಷೇಪಣೆ ಮುಖ್ಯವಾಗುತ್ತದೆ. 1984ರಲ್ಲಿ ಅಮೆರಿಕದಲ್ಲಿ ಮಕ್ಕಳ ದೂರದರ್ಶನದ ಮೇಲಿನ ನಿಯಂತ್ರಣ ಸಡಿಲವಾಗಿ, ಆಟಿಕೆ ಮಾರಲೆಂದೇ ಕಾರ್ಯಕ್ರಮಗಳು ತಯಾರಾದಾಗ, ಮಕ್ಕಳು ತಮ್ಮ ಕಥೆಯನ್ನು ಕಟ್ಟುವುದನ್ನು ಬಿಟ್ಟು ಪರದೆಯ ಕಥೆಯನ್ನು ನಕಲು ಮಾಡತೊಡಗಿದರೆಂಬುದು ಅವರ ವಾದ. ಬೆಂಗಳೂರಿಗೂ ಇದು ಅನ್ವಯಿಸುತ್ತದೆ. 2008ರಿಂದ ಪ್ರಸಾರವಾಗುತ್ತಿರುವ ಛೋಟಾ ಭೀಮ್, 2018ರ ಕೆ.ಜಿ.ಎಫ್.ನಂಥ ಚಿತ್ರಗಳ ಬಂದೂಕಿನ ದೃಶ್ಯಗಳು, ಅಣ್ಣಂದಿರ ಮೊಬೈಲಿನಲ್ಲಿ ಕಾಣುವ ಗುಂಡಿನ ಆಟಗಳು ಎಳೆಯರ ಆಟದ ಸರಕಾಗಿವೆ. ಚಪಾತಿಯ ಚೂರಿನ ಪಿಸ್ತೂಲಿಗೂ, ಗುಂಡಿ ಒತ್ತಿದರೆ ದೀಪ ಉರಿದು ಆರು ಬಗೆಯ ಸದ್ದು ಮಾಡುವ ಪಿಸ್ತೂಲಿಗೂ ಇರುವ ವ್ಯತ್ಯಾಸ ಹಿಂಸೆಯ ಪ್ರಮಾಣದಲ್ಲಿಲ್ಲ. ಎರಡನೆಯದು ಮಗುವಿನ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಅದಕ್ಕಾಗಿಯೇ ಅದು ಬೇಗ ಮೂಲೆ ಸೇರುತ್ತದೆ. ಪೋಷಕರು ಕೊಳ್ಳುವಾಗ ಇದನ್ನು ನೆನಪಿಟ್ಟರೆ ಹಣವೂ ಉಳಿಯುತ್ತದೆ, ಆಟವೂ ಬೆಳೆಯುತ್ತದೆ.

ನಿಜವಾದ ಆಯುಧದೊಡನೆ ಬದುಕುವ ಸಮುದಾಯಗಳ ಅನುಭವ ಈ ಚರ್ಚೆಯಲ್ಲಿ ಅಪರೂಪಕ್ಕೆ ಬರುತ್ತದೆ. ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲನ್ನೂ ಅದೇ ಗಿಡದ ಎಲೆಯ ತೊಟ್ಟಿನಿಂದ ಬಾಣವನ್ನೂ ಮಾಡಿ ಮಗುವಿನ ಕೈಗೆ ತಾಗಿಸಿ, ಅಂಗಳದಲ್ಲಿ ಗುಂಡು ಹಾರಿಸುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಬರಹಗಳೇ ದಾಖಲಿಸಿವೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ, ಕತ್ತಿಗಳನ್ನು ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸಿದ ಮೇಲೆಯೇ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಆ ಸಮುದಾಯದವರು ಅನೇಕರು ಸೇನೆಯ ಮೂಲಕ ಬೆಂಗಳೂರಿಗೆ ಬಂದು ನೆಲೆಸಿದ್ದು, ಅವರ ಸಮಾಜದ ಕಟ್ಟಡ ದಂಡು ರೈಲು ನಿಲ್ದಾಣಕ್ಕೆ ಹತ್ತಿರದ ವಸಂತನಗರದಲ್ಲಿದೆ. ಹಳೆಯ ಪೇಟೆಯ ಕರಗದಲ್ಲಿ ಅಲಗು ಹಿಡಿದು ನಡೆಯುವ ವೀರಕುಮಾರರೂ, ಸಿಖ್ಖರ ನಗರಕೀರ್ತನೆಗಳಲ್ಲಿ ಗಟ್ಕಾ ಎಂಬ ಕತ್ತಿವರಸೆಯ ಪಟ್ಟುಗಳನ್ನು ತೋರುವ ಬಾಲಕರೂ ಇದೇ ಸಾಲಿಗೆ ಸೇರುತ್ತಾರೆ. ಈ ಆಚರಣೆಗಳಲ್ಲೆಲ್ಲ ಆಯುಧವನ್ನು ಯಾವಾಗ ಎತ್ತಬೇಕು, ಯಾವಾಗ ಕೆಳಗಿಡಬೇಕು, ಯಾರ ಅಪ್ಪಣೆಯ ಮೇಲೆ ಮುಟ್ಟಬೇಕು ಎಂಬ ಶಿಸ್ತು ಆಯುಧದ ಜೊತೆಗೇ ಮಗುವಿಗೆ ಸಿಗುತ್ತದೆ. ಆಯುಧದ ಸಾಮೀಪ್ಯವೊಂದೇ ಕ್ರೌರ್ಯ ಕಲಿಸುವುದಿಲ್ಲವೆಂಬ ಮಾತಿಗೆ ಇವು ಸಾಕ್ಷಿ. ಶಿಸ್ತಿಲ್ಲದ ಸಾಮೀಪ್ಯ ಅಪಾಯಕಾರಿಯೆಂಬುದಕ್ಕೂ ಅಷ್ಟೇ ಸಾಕ್ಷಿ.

ಬಾಲ್ಯದ ಆಟ ಮುಂದಿನ ಬದುಕನ್ನು ನಿರ್ಧರಿಸುತ್ತದೆಂದು ನಂಬುವವರು ವಿನ್‌ಸ್ಟನ್ ಚರ್ಚಿಲ್‌ನ ಹೆಸರನ್ನು ಎತ್ತುವುದುಂಟು. ಸುಮಾರು 1500 ಆಟದ ಸೈನಿಕರನ್ನು ಕೂಡಿಸಿಟ್ಟಿದ್ದ ಆ ಬಾಲಕನ ವ್ಯೂಹವನ್ನು ನೋಡಿದ ತಂದೆ ಸೇನೆ ಸೇರುವೆಯಾ ಎಂದು ಕೇಳಿದ್ದೇ ತನ್ನ ಬಾಳಿನ ದಿಕ್ಕನ್ನು ತಿರುಗಿಸಿತೆಂದು ಅವನು 1930ರ ಆತ್ಮಕಥೆಯಲ್ಲಿ ಬರೆದನು. 1896ರಲ್ಲಿ ಅಶ್ವದಳದ ಅಧಿಕಾರಿಯಾಗಿ ಅವನು ಬಂದಿಳಿದದ್ದು ಇದೇ ಬೆಂಗಳೂರು ದಂಡಿಗೆ. ಆದರೆ ಸೀಸದ ಸೈನಿಕರೊಡನೆ ಆಡಿದ ಅವನ ಓರಗೆಯ ಅಸಂಖ್ಯ ಹುಡುಗರು ಗುಮಾಸ್ತರೂ ವೈದ್ಯರೂ ಪಾದ್ರಿಗಳೂ ಆದರು. ರೊಟ್ಟಿ ಬಡಿಯುತ್ತ ಅಡುಗೆಯಾಟ ಆಡಿದವರೆಲ್ಲ ಬಾಣಸಿಗರಾಗಿಲ್ಲ.

ಆತಂಕ ಪಡಲೇಬೇಕಾದ ಕಡೆ ಸಮಾಜದ ಗಮನ ಕಡಿಮೆಯಿರುವುದು ವಿಷಾದದ ಸಂಗತಿ. ಗಟ್ಟಿಯಾದ ಚಿಕ್ಕ ಗುಂಡುಗಳನ್ನು ಚಿಮ್ಮಿಸುವ ಪಿಸ್ತೂಲು ಕಣ್ಣಿನ ಗುಡ್ಡೆಯನ್ನೇ ಒಡೆಯಬಲ್ಲದು. ಪ್ರತಿ ದೀಪಾವಳಿಯಲ್ಲೂ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಪಟಾಕಿಯಿಂದ ಗಾಯಗೊಂಡ ಮಕ್ಕಳು ಬರುತ್ತಲೇ ಇರುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಪ್ಲಾಸ್ಟಿಕ್ ಕೊಳವೆಯ ಕಾರ್ಬೈಡ್ ಗನ್ನುಗಳಿಂದ ಅನೇಕ ಮಕ್ಕಳ ದೃಷ್ಟಿಗೆ ಪೆಟ್ಟು ಬಿದ್ದಿತು. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದ್ದರೂ ಜಾತ್ರೆ, ಸಂತೆ, ಫುಟ್‌ಪಾತುಗಳ ಅಗ್ಗದ ಮಾಲಿನಲ್ಲಿ ಅದನ್ನು ಹುಡುಕಿ ನೋಡುವವರು ವಿರಳ. ಇನ್ನು ನಿಜವಾದ ಹೊಡೆತದ ವಿಷಯ: 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ಮನೆಯೊಳಗಿನ ಹೊಡೆತವನ್ನು ಕೇಳುವವರಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಹದಿಮೂರು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದುದು ಕಂಡುಬಂದಿತ್ತು. ಬೆರಳಿನ ಪಿಸ್ತೂಲು ತೋರಿಸಿದ್ದಕ್ಕಾಗಿ ಮಗುವಿನ ಬೆನ್ನಿಗೆ ಗುದ್ದುವ ಹಿರಿಯರು ಆಟದಲ್ಲಿಲ್ಲದ ಪಾಠವೊಂದನ್ನು ಅದಕ್ಕೆ ಕಲಿಸುತ್ತಾರೆ.

ಆಟಕ್ಕೆ ಜಾಗವೂ ಕುಗ್ಗುತ್ತಿದೆ. ದಂಡು ಪ್ರದೇಶದ ವಿಶಾಲವಾದ ಬಯಲುಗಳು ಸೇನೆಯ ಬೇಲಿಯೊಳಗಿವೆ, ಶಿವಾಜಿನಗರದ ಓಣಿಗಳನ್ನು ವಾಹನಗಳು ತುಂಬಿವೆ, ಇಂದಿರಾನಗರದ ಮನೆಯ ಮುಂಗಟ್ಟುಗಳು ಅಂಗಡಿ, ಹೋಟೆಲುಗಳಾಗಿವೆ, ಕೆ.ಆರ್. ಪುರದ ಅಪಾರ್ಟ್‌ಮೆಂಟುಗಳ ಹುಲ್ಲುಹಾಸಿನ ಮೇಲೆ ಓಡಬಾರದೆಂಬ ಫಲಕಗಳಿವೆ. ಆದ್ದರಿಂದ ಶಿಶುವಿಹಾರಗಳೂ ಅಂಗನವಾಡಿಗಳೂ ನಿವಾಸಿಗಳ ಸಂಘಗಳೂ ಎಳೆಯರು ಓಡಿ, ಬಿದ್ದು, ಕೋಲು ಹಿಡಿದು ಕಾದಾಡಲು ಒಂದಿಷ್ಟು ಮಣ್ಣಿನ ಜಾಗವನ್ನು ಬಿಟ್ಟುಕೊಡಬೇಕು. ಕಣ್ಣಿಗೆ, ತಲೆಗೆ ಹೊಡೆಯುವಂತಿಲ್ಲ, ಸಾಕೆಂದವನನ್ನು ಬಿಡಲೇಬೇಕು ಎಂಬೆರಡು ನಿಯಮಗಳನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ಮುಖಗಳನ್ನು ಗಮನಿಸುವ ಹಿರಿಯರೊಬ್ಬರು ಹತ್ತಿರ ಕುಳಿತಿರಬೇಕು. ಚಿಮ್ಮುವ ಗುಂಡಿನ ಪಿಸ್ತೂಲನ್ನು ಯಾವ ಹಟಕ್ಕೂ ಮಣಿದು ಕೊಡಿಸಬಾರದು. ಮನೆಯಲ್ಲಿ ಮಗುವಿನ ಮೇಲೆ ಕೈಯೆತ್ತುವುದನ್ನು ತಂದೆತಾಯಿಗಳು ಇಂದಿನಿಂದಲೇ ಬಿಡಬೇಕು.